ಅಯ್ಯಮ್ಮ ಕಲಿಸಿದ ಹೊಗೆಗಳು

ಮೂರನೇ ಡಬ್ಬಿಯ ಜಾಲರಿಯನ್ನು ಅರ್ಧ ಒರೆಸಿದ ಮೇಲೆ ಮಲ್ಲೇಶ್ವರಿಗೆ ತಾನು ಏನು ಮಾಡುತ್ತಿದ್ದೇನೆಂದು ಅರಿವಾಯಿತು. ಕೆಳಗೆ ಮನೆಯ ಪಡಸಾಲೆಯಲ್ಲಿ ಅತ್ತೆ ಅಯ್ಯಮ್ಮನ ಹೆಣವಿತ್ತು. ನಸುಕಿನಲ್ಲಿ ಜೀವ ಹೋಗಿತ್ತು. ಕುರಿದೊಡ್ಡಿಯಲ್ಲಿದ್ದ ಗಂಡನಿಗೆ ಸುದ್ದಿ ಹೇಳಲೆಂದು ಅವಳು ಗುಡ್ಡ ಹತ್ತಿದ್ದಳು. ಗುಡ್ಡದ ಆಚೆ ಮಗ್ಗುಲಿಗೆ ಫೋನು ಹತ್ತುವುದಿಲ್ಲ. ದಾರಿಯಲ್ಲಿ ಡಬ್ಬಿ ಕಂಡಿತು. ಅತ್ತೆ ಹಾಸಿಗೆ ಹಿಡಿದ ಮೂರು ತಿಂಗಳಿಂದ ದಿನವೂ ಮಾಡಿದ ಕೆಲಸವಾದ್ದರಿಂದ ಕೈ ತಾನಾಗಿಯೇ ಸೊಂಟದ ಅರಿವೆಯನ್ನು ಎಳೆದಿತ್ತು.

ಅರ್ಧಕ್ಕೆ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಉಳಿದರ್ಧವನ್ನೂ ಒರೆಸಿದಳು. ಒಣ ಅರಿವೆಯಿಂದ, ಮೇಲಿನಿಂದ ಕೆಳಕ್ಕೆ. ಒದ್ದೆ ಅರಿವೆ ಮುಟ್ಟಿಸಿದರೆ ಧೂಳು ಕೆಸರಾಗಿ ಅದರ ಮೂಗು ಕಟ್ಟುತ್ತದೆ ಎಂದು ಅತ್ತೆ ನೂರು ಸಲ ಹೇಳಿದ್ದಳು. ಅರಿವೆಯೂ ಅತ್ತೆಯದೇ, ಹಳೆಯ ಕೆಂಪು ಸೀರೆಯ ತುಂಡು.

ಕಬ್ಬಿಣದ ಕಂಬಕ್ಕೆ ಬಿಗಿದ, ಟಿಫಿನ್ ಡಬ್ಬಿಯಷ್ಟೇ ದೊಡ್ಡದಾದ ಬೂದು ಪೆಟ್ಟಿಗೆ ಅದು. ತಲೆಯ ಮೇಲೆ ಅಂಗೈ ಅಗಲದ ಸೋಲಾರ್ ತಗಡು. ಗುಡ್ಡದಲ್ಲಿ ಅಂಥವು ಏಳು. ಬೆಂಕಿಯ ಹೊಗೆ ಮೂಸಿದರೆ ಊರಿನ ನೀರಿನ ಟಾಕಿಯ ಮೇಲಿರುವ ದೊಡ್ಡ ಪೆಟ್ಟಿಗೆಗೆ ಹೇಳುತ್ತವೆ. ಅದು ದೇವದುರ್ಗದ ಅಗ್ನಿಶಾಮಕ ಠಾಣೆಗೂ ಅಯ್ಯಮ್ಮನ ಫೋನಿಗೂ ಹೇಳುತ್ತದೆ. ಆ ಫೋನು ಈಗ ಮಲ್ಲೇಶ್ವರಿಯ ಸೊಂಟದಲ್ಲಿತ್ತು.

ದೊಡ್ಡಿಯಲ್ಲಿ ಗಂಡ ಮಾಳಿಂಗಪ್ಪ ಮರಿಗಳಿಗೆ ನೊಣ ಹತ್ತದಿರಲೆಂದು ಬೇವಿನ ಸೊಪ್ಪು, ಹಿಕ್ಕೆ ಸೇರಿಸಿ ಹೊಗೆ ಹಾಕುತ್ತಿದ್ದ. ಹೆಂಡತಿಯ ಮುಖ ನೋಡಿಯೇ ಕೈಯೊಳಗಿನ ಸೊಪ್ಪು ಕೆಳಗೆ ಬಿಟ್ಟ.

"ಯಾವಾಗ?"

"ಕೋಳಿ ಕೂಗೋ ಹೊತ್ತಿಗೆ. ನೀರು ಕೇಳಿದ್ರು. ಕುಡಿದ್ರು. ಅಷ್ಟ."

ಅವನು ಒಂದು ಗಳಿಗೆ ಕುಕ್ಕರಗಾಲಲ್ಲಿ ಕೂತ. ಆಮೇಲೆ ಎದ್ದು ದೊಡ್ಡಿಯ ಬಾಯಿಗೆ ಮುಳ್ಳುಕಂಟಿ ಎಳೆದು, ಉಳಿದ ಮೂರು ದೊಡ್ಡಿಯವರನ್ನು ಕೂಗಿದ. ಅಯ್ಯಮ್ಮನ ಮಣ್ಣಿಗೆ ಬಾರದೆ ಉಳಿಯುವವರು ಯಾರಿದ್ದರು? ಎಲ್ಲರೂ ಕುರಿ ಕೂಡಿ ಹಾಕಿ ಇಳಿದುಬಂದರು. ಆ ದಿನ ಗುಡ್ಡದ ಮೇಲೆ ಮನುಷ್ಯರೊಬ್ಬರೂ ಉಳಿಯಲಿಲ್ಲ. ಆರುನೂರು ಕುರಿ, ಅವುಗಳ ಎಳೆಮರಿ, ಸುತ್ತ ಮೊಳಕಾಲೆತ್ತರದ ಒಣಹುಲ್ಲು.

*

"ಹೆಣ ಮನ್ಯಾಗಿಟ್ಟು ಡಬ್ಬಿ ಒರಿಸಾಕ ಹೋಗಿದ್ದೇನಬೇ?"

ಕರೆಮ್ಮ ಅಯ್ಯಮ್ಮನ ತಂಗಿ. ಮೊದಲ ಬಸ್ಸಿಗೇ ಬಾಗಲವಾಡದಿಂದ ಬಂದಿದ್ದಳು. ಸೊಸೆಯ ಕೈಯೊಳಗಿನ ಅರಿವೆ ನೋಡಿಯೇ ಅಳುವುದನ್ನು ನಿಲ್ಲಿಸಿ ಕೇಳಿದ್ದಳು.

"ಅವರಿಗೆ ಹೇಳಾಕ ಹೋಗಿದ್ದೆ ಚಿಗವ್ವ. ಹಾದಿಮ್ಯಾಲ ಇತ್ತು."

"ಹಾದಿಮ್ಯಾಲ ಕಲ್ಲೂ ಇರ್ತಾವ. ಅವನ್ನೂ ಒರಸ್ತೀ ಏನು?" ಕರೆಮ್ಮ ಅಕ್ಕನ ಹಣೆಯ ಅರಿಶಿನದ ಭಂಡಾರವನ್ನು ಸರಿಮಾಡುತ್ತ, ಹೆಣಕ್ಕೇ ಹೇಳಿದಳು: "ನೋಡಿದ್ಯಾ ಯಕ್ಕ, ನಿನ್ನ ಹುಚ್ಚು ನಿನ್ನ ಸೊಸಿಗಿ ಹತ್ತ್ಯಾದ."

ಹೆಣ ತೊಳೆದಾಗಿತ್ತು. ಮೂಲೆಯಲ್ಲಿ ಲೋಬಾನದ ಹೊಗೆ. ಹೊರಗೆ ಬಂದವರಿಗಾಗಿ ಪಕ್ಕದ ಮನೆಯವರು ಎರಡು ಒಲೆ ಹೂಡಿದ್ದರು. ಅಯ್ಯಮ್ಮನ ಜೊತೆ ಮಣ್ಣಿಗೆ ಹಾಕಬೇಕಾದ ಸಾಮಾನನ್ನು ಕರೆಮ್ಮ ಒಂದೊಂದಾಗಿ ಕಂಬಳಿಯ ಮೇಲೆ ಜೋಡಿಸತೊಡಗಿದಳು. ಬೆತ್ತ, ಎಲೆಅಡಿಕೆಯ ಚೀಲ, ಸುಣ್ಣದ ಡಬ್ಬಿ.

"ಆ ಅರಿಬೀನೂ ಇಡು. ಆಕೀ ಸೀರಿ ತುಂಡಲ್ಲ."

"ಆಮ್ಯಾಲ ಕೊಡ್ತೀನಿ ಚಿಗವ್ವ."

ಅಂಗಳದಲ್ಲಿ ಊರ ಹಿರಿಯ ಗಡಿಗೆಪ್ಪ ಗಂಡಸರೊಂದಿಗೆ ಕೂತಿದ್ದ. ಹೋದ ವರ್ಷ ಪಂಚಾಯ್ತಿಯಲ್ಲಿ, ಡಬ್ಬಿಗಳನ್ನು ಕಿತ್ತು ತಗೊಂಡು ಹೋಗ್ರಿ ಎಂದು ಮೊದಲು ಹೇಳಿದವನು ಅವನೇ. ಡಬ್ಬಿ ಹಾಕಿಸಿದ ವಿಶಾಖಾ ರಾಯಚೂರಿನಿಂದ ಸ್ಕೂಟರಿನಲ್ಲಿ ಬಂದು ಇಳಿದಾಗ ಅವನು ಮುಖ ಬೇರೆ ಕಡೆ ತಿರುಗಿಸಿದ.

ವಿಶಾಖಾ ಮಾನ್ವಿಯವಳು, ರಾಯಚೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅಯ್ಯಮ್ಮನ ಕಾಲು ಮುಟ್ಟಿ ಬಹಳ ಹೊತ್ತು ಕೂತಿದ್ದಳು. ಆಮೇಲೆ ಮಲ್ಲೇಶ್ವರಿಯ ಹತ್ತಿರ ಬಂದು ಮೆತ್ತಗೆ ಹೇಳಿದಳು: "ಯಕ್ಕಾ, ಇವತ್ತ ಕೇಳಬಾರ್ದು. ಆದ್ರ ಫೋನು ಯಾರ ಕೈಯಾಗಿರ್ತದ? ಠಾಣ್ಯಾಗಿನವರು ಅಯ್ಯಮ್ಮನ ಮಾತು ಕೇಳಿ ಗಾಡಿ ಬಿಡ್ತಿದ್ರು. ಹಂಗ ವಾಸನಿ ಹಿಡಿಯೋರು ಇನ್ನೊಬ್ರು ಬೇಕಲ್ಲ."

"ಸಂಜಿಗಿ ನಿಮಗ ಕೊಡ್ತೀನಿ ಫೋನು," ಅಂದಳು ಮಲ್ಲೇಶ್ವರಿ. "ನನ್ನ ಕೈಲೆ ಆಗಂಗಿಲ್ಲ."

ಯಾಕೆ ಆಗುವುದಿಲ್ಲ ಎಂಬುದನ್ನು ಬಲ್ಲವಳು ಒಬ್ಬಳೇ ಇದ್ದಳು. ಅವಳು ಪಡಸಾಲೆಯಲ್ಲಿ ಮಲಗಿದ್ದಳು.

*

ಊರಿಗೆ ಊರೇ ಜ್ವರ ಬಿದ್ದ ಆ ವರ್ಷ ಎಲ್ಲರ ಮೂಗೂ ಸತ್ತಿತ್ತು. ತಿಂಗಳೊಪ್ಪತ್ತಿಗೆ ಎಲ್ಲರದೂ ತಿರುಗಿ ಬಂತು. ಮಲ್ಲೇಶ್ವರಿಯದು ಬರಲಿಲ್ಲ. ಹೇಳಿಕೊಳ್ಳಲು ನಾಚಿಕೆ. ಅಡುಗೆಮನೆಯ ಹೆಂಗಸಿಗೆ ಮೂಗಿಲ್ಲವೆಂದರೆ ಏನುಳಿಯಿತು? ಒಂದು ಸಂಜೆ ಒಲೆಯ ಮೇಲಿನ ಹಾಲು ಸೀದು ಕಪ್ಪಾಗುತ್ತಿತ್ತು. ಅವಳು ಪಕ್ಕದಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದಳು. ಅಂಗಳದಿಂದ ಬಂದ ಅಯ್ಯಮ್ಮ ಪಾತ್ರೆ ಇಳಿಸಿದಳು. ಸೊಸೆಯ ಮುಖ ನೋಡಿದಳು. ಬೈಯಲಿಲ್ಲ.

"ಯಾವಾಗಿಂದ?"

"ಜ್ವರ ಬಂದಾಗಿಂದ್ರಿ ಅತ್ತಿ."

ಅಯ್ಯಮ್ಮ ಆ ಮಾತನ್ನು ಮಗನಿಗೂ ಹೇಳಲಿಲ್ಲ. ಮರುದಿನದಿಂದ ಅಡುಗೆಯ ಹೊತ್ತಿಗೆ ಒಲೆಯ ಹತ್ತಿರ ಬಂದು ಕೂರುವುದನ್ನು ರೂಢಿ ಮಾಡಿಕೊಂಡಳು. "ಒಗ್ಗರಣಿ ಆತು, ಇಳಸು." "ಮಜ್ಜಿಗಿ ಹುಳಿ ಆಗ್ಯಾದ, ಸಾರಿಗಿ ಹಾಕು." ನೋಡಿದವರು ಅತ್ತೆಯ ಕಾಟ ಎಂದುಕೊಂಡರು. ಸೊಸೆಗೆ ಮಾತ್ರ ಗೊತ್ತಿತ್ತು.

ಅಯ್ಯಮ್ಮನ ಮೂಗು ಅಂಥದ್ದು. ಅದಕ್ಕೂ ಹಿಂದಿನ ಒಂದು ಬೇಸಿಗೆ, ಮಧ್ಯಾಹ್ನ ಅವಳು ಮನೆಮನೆಗೆ ಹೋಗಿ ಹೇಳಿದ್ದಳು: ಗುಡ್ಡದ ಆಚಿ ಮಗ್ಗಲ ಕರಡ ಸುಡಾಕತ್ತದ, ಏಳ್ರಿ. ಕರಡ ಅಂದರೆ ಗುಡ್ಡದ ಒಣಹುಲ್ಲು. ಗಡಿಗೆಪ್ಪ ಹೊರಗೆ ಬಂದು ಮೂಗೆತ್ತಿ, "ಯಾರೋ ಹತ್ತಿಕಟ್ಟಿಗಿ ಸುಡ್ತಿರಬೇಕು, ಹೋಗು ಯಮ್ಮಾ" ಅಂದ. ಹೊಗೆ ಎಲ್ಲರ ಕಣ್ಣಿಗೆ ಕಾಣುವಷ್ಟರಲ್ಲಿ ಗುಡ್ಡದ ನೆತ್ತಿ ಉರಿಯುತ್ತಿತ್ತು. ದೇವದುರ್ಗದ ಗಾಡಿ ಬರುವಷ್ಟರಲ್ಲಿ ಎಪ್ಪತ್ತು ಮರಿ ಸತ್ತಿದ್ದವು. ಅಯ್ಯಮ್ಮ ಅವುಗಳನ್ನು ತನ್ನ ಕೈಯಾರೆ ಕುಣಿಗೆ ಹಾಕಿದಳು. ಆ ದಿನ ಅಂದದ್ದು ಒಂದೇ ಮಾತು: "ನನ್ನ ಮೂಗು ಖರೆ ಹೇಳ್ತು. ಕೇಳೋರಿದ್ದಿಲ್ಲ."

ಅದಕ್ಕೇ ವಿಶಾಖಾ ಡಬ್ಬಿ ಹೊತ್ತು ಬಂದಾಗ ಮೊದಲು ಜೊತೆಗೆ ನಿಂತವಳು ಅವಳೇ.

ಮೊದಲ ಬೇಸಿಗೆ ಡಬ್ಬಿಗಳು ಸಿಕ್ಕಿದ್ದಕ್ಕೆಲ್ಲ ಬೆಂಕಿಯೆಂದು ಒದರಿದವು. ಬೇವಿನ ಹೊಗೆಗೆ, ಬೀಡಿಗೆ, ಕೆಳಗಿನ ಹೊಲದ ತೊಗರಿಕಟ್ಟಿಗೆಗೆ. ಠಾಣೆಯ ಹಂಪಯ್ಯ ಐದು ಸಲ ಗಾಡಿ ತಂದು ಐದು ಸಲವೂ ಮಜ್ಜಿಗೆ ಕುಡಿದು ಹೋದ. ಐದನೇ ಸಲ ಅಂದ: "ಯವ್ವಾ, ನಿಮ್ಮ ಡಬ್ಬಿಗೆ ನೆಗಡಿ ಆಗ್ಯಾದ. ಇನ್ನ ಮ್ಯಾಲ ನಾ ಮೊದಲ ನಿಮಗ ಫೋನ್ ಮಾಡಿ ಖರೇನೋ ಸುಳ್ಳೋ ಕೇಳ್ತೀನಿ. ನೀವು ಖರೆ ಅಂದ್ರಷ್ಟ ಗಾಡಿ."

ಅಯ್ಯಮ್ಮ ವಿಶಾಖಾಳನ್ನು ಹಿಡಿದು ಕೇಳಿದಳು: "ಇದಕ್ಕ ಯಾವ ಹೊಗಿ ತೋರ್ಸೀರವ್ವ?"

"ಬ್ಯಾರೆ ದೇಶದ ಕಾಡಿನ ಹೊಗಿ ಅಮ್ಮಾ. ಪೈನ್ ಅಂತ ಗಿಡ ಇರ್ತಾವ."

"ನಮ್ಮ ಗುಡ್ಡದಾಗ ಎಲ್ಲ್ಯದ ಆ ಗಿಡ? ಅದರ ಗುರುತು ಹಿಡಿಯೋದು ಇಲ್ಲಿ ಏನು ಗುರುತು ಹಿಡೀತದ. ನಾ ತೋರಸ್ತೀನಿ ತಗಿ."

ಒಂದು ವರ್ಷ ತೋರಿಸಿದಳು. ಒಡಕು ಹಂಚಿನಲ್ಲಿ ಒಂದೊಂದು ದಿನ ಒಂದೊಂದು. ಕುಳ್ಳು, ಹಿಕ್ಕೆ, ಬೇವು, ಜಾಲಿ, ಹತ್ತಿಕಟ್ಟಿಗೆ, ಜೋಳದ ದಂಟು, ಹಳೆ ಟಯರು, ಹುರಿದ ಮೆಣಸಿನಕಾಯಿ. ಹಂಚನ್ನು ಡಬ್ಬಿಯ ಮುಂದೆ ಹಿಡಿದು ಕೂರುವಳು. ವಿಶಾಖಾ ಪಕ್ಕದಲ್ಲಿ ಲ್ಯಾಪ್‌ಟಾಪಿನಲ್ಲಿ ಆ ಹೊಗೆಯ ಹೆಸರು ಬರೆದುಕೊಳ್ಳುವಳು. ನಲವತ್ತೊಂದು ಹೊಗೆ ಆದವು. ಕರಡದ ಹೊಗೆಯ ಸರದಿ ಬಂದಾಗ ಬರಿಬಂಡೆಯ ಮೇಲೆ ಒಂದು ಹಿಡಿ ಹುಲ್ಲು ಹೊತ್ತಿಸಿ, ಪಕ್ಕದಲ್ಲಿ ಎರಡು ಕೊಡ ನೀರಿಟ್ಟುಕೊಂಡಿದ್ದಳು. ಡಬ್ಬಿಯ ತಲೆ ತಟ್ಟಿ, "ಇದೊಂದು ನೆನಪಿಟ್ಕೋ. ಉಳದದ್ದಕ್ಕ ಸುಮ್ಮನಿರು" ಅಂದಿದ್ದಳು.

ಕೊನೆಯ ದಿನ ಲೋಬಾನ ತಂದಿದ್ದಳು.

"ಇದ್ಯಾಕ್ರಿ ಅತ್ತಿ?" ಎಂದು ಮಲ್ಲೇಶ್ವರಿ ಕೇಳಿದ್ದಕ್ಕೆ ನಕ್ಕಿದ್ದಳು.

"ನಾ ಸತ್ತ ದಿನ ಊರ ತುಂಬ ಇದ ಹೊಗಿ ಇರ್ತದ. ಅವತ್ತ ಇದು ಸುಳ್ಳು ಒದರಿದ್ರ ಆ ಹಂಪಯ್ಯ ನನ್ನ ಮಣ್ಣಿಗೆ ಗಾಡಿ ತಗೊಂಡು ಬಂದು ನಗತಾನ."

*

ಮಧ್ಯಾಹ್ನ ಎರಡರ ಸುಮಾರಿಗೆ ಸಿದಿಗೆ ಎತ್ತಿದರು. ಹಲಗೆ ಬಡಿಯುವವರು ಮುಂದೆ, ಗುದ್ದಲಿ ಬುಟ್ಟಿ ಹಿಡಿದವರು ಹಿಂದೆ. ಗುಡ್ಡದ ಬುಡದಲ್ಲಿ ಅವರದೇ ಹೊಲ, ಅಲ್ಲೇ ಕುಣಿ. ಬಿಸಿಗಾಳಿ ಎದ್ದಿತ್ತು. ಹುಣಸೆಮರ ದಾಟುವಷ್ಟರಲ್ಲಿ ಮಲ್ಲೇಶ್ವರಿಯ ಸೊಂಟದಲ್ಲಿ ಫೋನು ನಡುಗಿತು.

"ಯವ್ವಾ, ಮೂರನೇದು ಒದರಾಕತ್ತದ," ಹಂಪಯ್ಯನ ದನಿ. "ಖರೇನೋ ಸುಳ್ಳೋ?"

"ನಾ ಅವರ ಸೊಸಿ ರೀ. ಅತ್ತಿ ನಸುಕಿನ್ಯಾಗ ತೀರಿಕೊಂಡ್ರು. ಮಣ್ಣಿಗೆ ಹೊಂಟೀವಿ."

"ಯಕ್ಕಾ, ನನಗ ಗೊತ್ತಿದ್ದಿಲ್ಲ. ಹಂಗಾದ್ರ ಊದು, ಲೋಬಾನ, ಅಡಗಿ ಒಲಿ... ಅದರ ಹೊಗಿ ಇರಬೇಕಲ್ಲ? ಇರೋದೊಂದ ಗಾಡಿ. ಬಿಟ್ಟಮ್ಯಾಲ ಇನ್ನೊಂದು ಕಡೆಯಿಂದ ಫೋನ್ ಬಂದ್ರ ನಾ ಹೋಗಾಕ ಬರಂಗಿಲ್ಲ. ನೀವ ಹೇಳ್ರಿ."

ಅವಳು ಗುಡ್ಡದ ಕಡೆ ತಿರುಗಿದಳು. ನೆತ್ತಿ ತಿಳಿಯಾಗಿತ್ತು, ಹೊಗೆಯ ಎಳೆಯೂ ಕಾಣಲಿಲ್ಲ. ಅತ್ತೆ ಮಾಡುತ್ತಿದ್ದಂತೆ ಗಾಳಿಗೆ ಮುಖ ಕೊಟ್ಟು ಉಸಿರೆಳೆದಳು. ಬಿಸಿ ಮಾತ್ರ ಒಳಗೆ ಹೋಯಿತು. ವಾಸನೆ ಇಲ್ಲ. ಯಾವ ವಾಸನೆಯೂ ಇಲ್ಲ. ಸುಳ್ಳು ಅಂದುಬಿಟ್ಟರೆ ಯಾರೂ ತಪ್ಪು ಹೇಳುವುದಿಲ್ಲ. ಸತ್ತವಳು ಸುಖವಾಗಿ ಮಣ್ಣು ಸೇರುತ್ತಾಳೆ. ಖರೆ ಅಂದು ಸುಳ್ಳಾದರೆ ಹಂಪಯ್ಯ ಇನ್ನೆಂದೂ ಗಾಡಿ ಬಿಡುವುದಿಲ್ಲ. ಡಬ್ಬಿಗಳನ್ನು ನಾಳೆಯೇ ಕೀಳುತ್ತಾರೆ.

ಅವಳು ಒಂದೊಂದಾಗಿ ನೆನೆದಳು. ಲೋಬಾನ, ತೋರಿಸಿದ್ದರು. ಒಲೆಯ ಜಾಲಿಕಟ್ಟಿಗೆ, ತೋರಿಸಿದ್ದರು. ದೊಡ್ಡಿಯ ಬೇವು, ಹಿಕ್ಕೆ, ಎಲ್ಲಕ್ಕಿಂತ ಮೊದಲು ತೋರಿಸಿದ್ದರು. ಜಾಲರಿಯ ಮೇಲೆ ಧೂಳು ಕೂತಿರಬಹುದೇ? ಇಲ್ಲ. ಬೆಳಿಗ್ಗೆ ತಾನೇ ಒರೆಸಿದ್ದಳು, ಪೂರ್ತಿ.

"ಖರೆ," ಅಂದಳು. "ಕರಡ ಹತ್ತ್ಯಾದ. ಬರ್ರಿ."

ಫೋನಿಟ್ಟು ಸಿದಿಗೆಯ ಮುಂದೆ ಹೋಗಿ ನಿಂತಳು. ಹಲಗೆ ನಿಂತಿತು.

"ಗುಡ್ಡಕ್ಕ ಬೆಂಕಿ ಹತ್ತ್ಯಾದ. ಮೂರನೇ ಡಬ್ಬಿ ಹತ್ರ. ನಮ್ಮ ದೊಡ್ಡಿ ಮಗ್ಗಲ."

"ಏನು ಮಾತಬೇ ಇದು," ಕರೆಮ್ಮ ಮುಂದೆ ಬಂದಳು. "ಎತ್ತಿದ ಸಿದಿಗಿ ಕುಣಿ ಮುಟ್ಟೋತನಕ ಇಳಸಂಗಿಲ್ಲ. ಡಬ್ಬಿ ಒದರಿದ್ರ ಒದರ್ಲಿ."

ಗಡಿಗೆಪ್ಪ ಮೂಗೆತ್ತಿ ಗಾಳಿ ಎಳೆದ. "ನನಗೇನೂ ವಾಸನಿ ಬರವಲ್ದು ಮಲ್ಲವ್ವ."

"ನಿಮಗ ಬರೋತನಕ ಕಾದ್ರ ಮರಿ ಉಳಿಯಂಗಿಲ್ಲ ಮಾವಾ. ಆ ವರ್ಷನೂ ನಿಮಗ ಬಂದಿದ್ದಿಲ್ಲ."

ಸಿದಿಗೆಯ ಮುಂದಿನ ಕೊನೆ ಹೊತ್ತಿದ್ದ ಮಾಳಿಂಗಪ್ಪನ ಮುಖ ಬೂದಿಯಾಗಿತ್ತು.

"ಹೊಗಿ ಆರಿಸಲಿಲ್ಲ ನಾನು," ಅಂದ. "ಮರಿಗಿ ಹಾಕಿದ ಹೊಗಿ. ಸುದ್ದಿ ಕೇಳಿ ಹಂಗ ಇಳದು ಬಂದೆ. ಗಾಳಿಗಿ ಕಿಡಿ ಹಾರಿರ್ತದ."

ಅಷ್ಟು ಸಾಕಾಯಿತು. ಸಿದಿಗೆಯನ್ನು ಬೇವಿನಮರದ ನೆರಳಿಗಿಳಿಸಿದರು. ಬಾಯಿಗೆ ಸೆರಗು ಒತ್ತಿಕೊಂಡಿದ್ದ ಕರೆಮ್ಮ ಒಂದು ಗಳಿಗೆ ಬಿಟ್ಟು ಅಕ್ಕನ ತಲೆದೆಸೆಯಲ್ಲಿ ಕೂತು, "ಹೋಗ್ರಿ, ನಾವು ಹೆಂಗಸ್ರು ಇರ್ತೀವಿ" ಅಂದಳು. ಕುಣಿಗೆಂದು ತಂದ ಗುದ್ದಲಿಗಳನ್ನೇ ಹೆಗಲಿಗೇರಿಸಿ ಗಂಡಸರು ಗುಡ್ಡದ ಕಡೆ ಓಡಿದರು. ಮಲ್ಲೇಶ್ವರಿ ಎಲ್ಲರಿಗಿಂತ ಮುಂದಿದ್ದಳು. ಹಾದಿ ಅವಳ ಕಾಲಿಗೆ ಗೊತ್ತಿತ್ತು.

*

ಬೆಂಕಿ ಒಂದು ರಾಶಿಕಣದಷ್ಟು ಅಗಲವಿತ್ತು. ಅಷ್ಟೇ ಇತ್ತು. ಮೊಳದೆತ್ತರದ ಉರಿ ಸಾಲಾಗಿ ದೊಡ್ಡಿಯ ಕಡೆ ಸರಿಯುತ್ತಿತ್ತು, ನಡುವೆ ಐವತ್ತು ಹೆಜ್ಜೆ. ಮುಳ್ಳುಬೇಲಿಯ ಒಳಗೆ ಮರಿಗಳು ಒಂದರ ಮೇಲೊಂದು ಬಿದ್ದು ಅರಚುತ್ತಿದ್ದವು.

"ಬೆಂಕಿಗಿ ಹೊಡೀಬ್ಯಾಡ್ರಿ, ಮುಂದ ಹುಲ್ಲು ಕೆತ್ತ್ರಿ," ಮಲ್ಲೇಶ್ವರಿ ಕೂಗಿದಳು. ಹಂಪಯ್ಯ ಅತ್ತೆಗೆ ಕಲಿಸಿದ್ದನ್ನು ಅತ್ತೆ ಅವಳಿಗೆ ಕಲಿಸಿದ್ದಳು. ಹತ್ತು ಗುದ್ದಲಿ ಒಟ್ಟಿಗೆ ಬಿದ್ದವು. ಅಗಲಕ್ಕೆ ಎರಡು ಮಾರು, ಬರಿಮಣ್ಣು ಕಾಣುವ ತನಕ ಕೆತ್ತಿದರು. ಉಳಿದವರು ಬೇವಿನ ಹಸಿಟೊಂಗೆ ಮುರಿದು ಅಂಚಿನ ಉರಿ ಬಡಿದರು. ಮಾಳಿಂಗಪ್ಪ ದೊಡ್ಡಿಯ ಬಾಯಿ ತೆರೆದು ಕುರಿಗಳನ್ನು ಇಳಿಜಾರಿಗೆ ಬಿಟ್ಟ. ಉರಿ ಬರಿಮಣ್ಣಿನ ಗೆರೆ ಮುಟ್ಟಿತು. ನಿಂತಿತು. ತುದಿಯಲ್ಲೊಂದು ಕಡೆ ದಾಟಲು ನೋಡುತ್ತಿದ್ದಾಗ ಕೆಳಗಿನಿಂದ ಬೆನ್ನಿಗೆ ನೀರಿನ ಕ್ಯಾನು ಕಟ್ಟಿಕೊಂಡ ನಾಲ್ವರು ಖಾಕಿಯವರು ಏದುಸಿರು ಬಿಡುತ್ತ ಹತ್ತಿ ಬಂದರು.

ಕೊನೆಯ ಕಿಡಿಯನ್ನು ಬೂಟಿನಿಂದ ಹೊಸಕಿ ಹಂಪಯ್ಯ ಸುತ್ತ ನೋಡಿದ. ಕಣದಷ್ಟು ಕಪ್ಪು. ಸುತ್ತ ಗುಡ್ಡದ ತುಂಬ ಹಳದಿ ಹುಲ್ಲು.

"ಇಪ್ಪತ್ತೆರಡು ವರ್ಷ ಆತು ಈ ನೌಕರಿಗಿ ಸೇರಿ," ಅಂದ. "ಬೂದಿ ನೋಡಾಕ ಬರ್ತಿದ್ದೆ ನಾನು. ಬೆಂಕಿ ಇಷ್ಟು ಸಣ್ಣದಿದ್ದಾಗ ಬಂದು ಮುಟ್ಟಿದ್ದು ಇವತ್ತ."

ಗಡಿಗೆಪ್ಪ ಗುದ್ದಲಿಗೆ ಗದ್ದ ಊರಿ ಕೂತಿದ್ದ. ಮರಿಗಳನ್ನು ಎಣಿಸಿ ಬಂದ ಮಾಳಿಂಗಪ್ಪ, ಒಂದೂ ಕಮ್ಮಿ ಇಲ್ಲ ಎಂದಾಗ ಅವನು ಎದ್ದು, ಮೂರನೇ ಡಬ್ಬಿಯ ಮುಂದೆ ನಿಂತು, ಅದರ ತಲೆಯನ್ನು ಮೆಲ್ಲಗೆ ತಟ್ಟಿ, ಮಲ್ಲೇಶ್ವರಿಯ ಕಡೆ ತಿರುಗಿದ.

"ನಮಗ ಯಾರಿಗೂ ಬರಲಿಲ್ಲ. ನಿನಗ ಅಷ್ಟ ದೂರದ್ದು ಹೆಂಗ ಬಂತವ್ವ ವಾಸನಿ?"

"ನನಗ ಬಂದಿಲ್ಲ ಮಾವಾ. ಅದಕ್ಕ ಬಂದದ. ಅತ್ತಿ ಕಲಿಸಿದ್ರು."

ಸಿದಿಗೆ ಮತ್ತೆ ಎದ್ದಾಗ ಅದರ ಒಂದು ಕೊನೆಗೆ ಹಂಪಯ್ಯ ಹೆಗಲು ಕೊಟ್ಟ, ಇನ್ನೊಂದಕ್ಕೆ ಗಡಿಗೆಪ್ಪ. ಎಲ್ಲರ ಮುಖಕ್ಕೂ ಮಸಿ. "ಹಲಗಿ ಜೋರಾಗಿ ಬಡೀರೋ," ಅಂದ ಗಡಿಗೆಪ್ಪ, "ಆಚಿ ಊರಿಗಿ ಕೇಳಬೇಕು." ಹಿಂದೆ ಕೆಂಪು ಗಾಡಿ ಹೆಣದ ನಡಿಗೆಗೆ ತಕ್ಕಂತೆ ನಿಧಾನ ಉರುಳಿತು. ಗಾಡಿಯ ಎರಡೂ ಮಗ್ಗುಲು ಇಳಿದುಬಂದ ಕುರಿಗಳು, ಮರಿಗಳು, ತಮ್ಮ ತಾಯಂದಿರನ್ನು ಕರೆಯುತ್ತ. ಅಂಥ ಮಣ್ಣು ಆ ಸೀಮೆಯಲ್ಲಿ ಯಾರಿಗೂ ಆಗಿರಲಿಲ್ಲ.

"ನೋಡು ಯಕ್ಕ," ಕರೆಮ್ಮ ಅಳುತ್ತಳುತ್ತಲೇ ಸಿದಿಗೆಗೆ ಹೇಳಿದಳು, "ಗಾಡಿ ತಗೊಂಡ ಬಂದಾನ ನಿನ್ನ ಹಂಪಯ್ಯ. ನಗವಲ್ಲ."

*

ಮಣ್ಣು ಕೊಟ್ಟ ಕೈಗಳನ್ನು ತೊಳೆದುಕೊಂಡು ಎಲ್ಲರೂ ಬಾವಿಯ ಹತ್ತಿರ ಬಂದರು. ಮಣ್ಣಿಗೆ ಹೋಗಿಬಂದ ಪ್ರತಿ ಬಟ್ಟೆಯೂ ನೀರಿಗೆ ಬೀಳಬೇಕು. ಕಂಬಳಿಯ ಗಂಟು ಕುಣಿಯೊಳಗೆ ಹೋಗುವಾಗ ಕರೆಮ್ಮ ಅರಿವೆಯ ನೆನಪೇ ಮಾಡಲಿಲ್ಲ. ಮಲ್ಲೇಶ್ವರಿಯೂ ನೆನಪಿಸಲಿಲ್ಲ.

ಹೊರಡುವ ಮುನ್ನ ವಿಶಾಖಾ ಬಂದಳು. "ಯಕ್ಕಾ, ಸಂಜಿಗಿ ಫೋನು ಕೊಡ್ತೀನಂದಿದ್ರಿ. ಮುಂದಿನ ವಾರ ಬ್ಯಾರೆ ಯಾರನ್ನರ ನೋಡ್ತೀವಿ."

"ದಿನ ಕರ್ಮ ಮುಗೀಲಿ. ಇರಲಿ ಅಲ್ಲೀತನಕ."

ವಿಶಾಖಾ ಅವಳ ಮುಖ ನೋಡಿ, ಸ್ಕೂಟರು ಹತ್ತಿದಳು.

ಕರೆಮ್ಮ ಬಾವಿಕಟ್ಟೆಯ ಮೇಲಿಂದ ಕೂಗುತ್ತಿದ್ದಳು: "ಎಲ್ಲಾ ಹಾಕೀರೇನು? ಚಾದರ, ಟಾವೆಲ್ಲು? ಒಂದೂ ಉಳೀಬಾರ್ದು."

"ಎಲ್ಲಾ ಹಾಕೀನಿ ಚಿಗವ್ವ," ಅಂದಳು ಮಲ್ಲೇಶ್ವರಿ.

ಹಗ್ಗದ ಮೇಲೆ ಸೀರೆ, ಧೋತರ, ಟವೆಲ್ಲುಗಳು ಸಾಲಾಗಿ ನೀರು ತೊಟ್ಟಿಕ್ಕಿಸುತ್ತಿದ್ದವು. ಅವುಗಳ ಆಚೆ ಸಂಜೆಬಿಸಿಲಿಗೆ ಗುಡ್ಡ ಇಡೀ ಹಳದಿಯಾಗಿ ನಿಂತಿತ್ತು, ಆಚೆ ಮಗ್ಗುಲಲ್ಲಿ, ಇಲ್ಲಿಂದ ಕಾಣದಂತೆ, ಬೆರಳೊತ್ತಿದಷ್ಟು ಕಪ್ಪು. ಅವಳು ಒದ್ದೆ ಕೈಗಳನ್ನು ಚೆನ್ನಾಗಿ ಒರೆಸಿಕೊಂಡು, ಒಳಗೆ ಬಂದು, ಬಾಗಿಲ ಹಿಂದಿನ ಗೂಟದ ಹತ್ತಿರ ನಿಂತಳು. ಬೆಳಿಗ್ಗೆ ಗುಡ್ಡಕ್ಕೆ ಹೋಗುವಾಗ ಮೊದಲು ಕೈಗೆ ಸಿಗುವ ಗೂಟ ಅದು. ಕೆಂಪು ಸೀರೆಯ ತುಂಡು, ನೀರು ಸೋಕದೆ ಒಣಗಿಯೇ, ಅಲ್ಲೇ ನೇತಾಡುತ್ತಿತ್ತು.